ಮೀನಿನ ತಲೆಯ ಕಲ್ಲು ಊರ ಹೆಸರು ಹೇಳುತ್ತಾ?

ಈ ಸಲದ ಪತ್ರಗಳಲ್ಲಿ ಮೀನಿನದ್ದೇ ಕಾರುಬಾರು. ಒಂದು ಪತ್ರಕ್ಕೆ ಫೋನಿನಲ್ಲೇ ಉತ್ತರ ಹೇಳಿದ್ದೆ, ಅದು ಬಾಯಿಂದ ಬಾಯಿಗೆ ಹೋಗಿ ಮಂಡ್ಯ ಕಡೆಯಿಂದ ಮತ್ತಷ್ಟು ಪ್ರಶ್ನೆ ಬಂದವು. ಬೇರೆ ವಿಷಯ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಮೇಡಂ, ಮೊನ್ನೆ ಜಿಲೇಬಿ ಮೀನಿನ ಸಾರು ಮಾಡಿದ್ದೆವು. ತಲೆ ಚೀಪುತ್ತಿದ್ದ ಮಗಳಿಗೆ ಎರಡು ಬಿಳಿ ಕಲ್ಲು ಸಿಕ್ಕವು, ಎರಡೂ ಒಂದೇ ತರ. ನಮ್ಮ ಯಜಮಾನರು "ಅದು ಮೀನಿನ ಕಿವಿಯ ಕಲ್ಲು, ಅದನ್ನು ಪರೀಕ್ಷೆ ಮಾಡಿ ಮೀನು ಎಲ್ಲೆಲ್ಲಿ ಓಡಾಡಿತ್ತು ಅಂತ ಹೇಳ್ತಾರೆ" ಅಂದರು. ನಿಜವಾ, ಇಲ್ಲ ಸುಮ್ನೆ ಬಿಟ್ಟಿದ್ದಾ? (ಓದುಗರೊಬ್ಬರು, ಶ್ರೀರಂಗಪಟ್ಟಣ)

ಉತ್ತರ: ಬಿಟ್ಟಿಲ್ಲ, ಸರಿಯಾಗೇ ಹೇಳಿದ್ದಾರೆ. ಅದಕ್ಕೆ ಓಟೊಲಿತ್ ಅನ್ನುತ್ತಾರೆ, ನಾವು ಕಿವಿಕಲ್ಲು ಅನ್ನೋಣ. ಮೀನಿಗೆ ಹೊರಗೆ ಕಿವಿ ಕಾಣುವುದಿಲ್ಲ, ಆದರೆ ತಲೆಬುರುಡೆ ಒಳಗೆ ಮಿದುಳಿನ ಎರಡೂ ಪಕ್ಕ ಒಳಕಿವಿ ಇದೆ. ಒಂದೊಂದು ಪಕ್ಕದಲ್ಲಿ ಮೂರು ಕಲ್ಲು, ಒಟ್ಟು ಆರು. ನಿಮ್ಮ ಮಗಳಿಗೆ ಸಿಕ್ಕಿದ್ದು ಅದರಲ್ಲಿ ದೊಡ್ಡ ಜೋಡಿ. ಉಳಿದ ನಾಲ್ಕು ತೀರಾ ಚಿಕ್ಕವು, ಸಾರಿನ ಜೊತೆ ಹೊಟ್ಟೆಗೆ ಹೋಗಿರುತ್ತವೆ. ಹೆದರಬೇಡಿ, ಏನೂ ಆಗುವುದಿಲ್ಲ.

ಕಲ್ಲು ಇರುವುದು ಕೇಳಿಸಿಕೊಳ್ಳುವುದಕ್ಕೆ ಮತ್ತು ಮೈ ನೆಟ್ಟಗಿದೆಯಾ ವಾಲಿದೆಯಾ ಅಂತ ತಿಳಿಯುವುದಕ್ಕೆ. ಮೀನಿನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ, ಹಾಗಾಗಿ ಸದ್ದಿನ ಅಲೆ ಬಂದಾಗ ನೀರಿನ ಜೊತೆ ಮೈಯೂ ಅಲುಗುತ್ತದೆ, ಆದರೆ ಕಲ್ಲು ಭಾರ ನೋಡಿ, ಅದು ಸ್ವಲ್ಪ ಹಿಂದೆ ಬೀಳುತ್ತದೆ, ಆ ವ್ಯತ್ಯಾಸಕ್ಕೆ ಕೆಳಗಿರುವ ಕೂದಲಿನಂಥ ನರಕೋಶಗಳು ಬಾಗುತ್ತವೆ, ಅದೇ ಸದ್ದು. ನಮ್ಮ ಕಿವಿಯಲ್ಲೂ ಇದೇ ಜಾತಿಯ ಸಣ್ಣ ಹರಳುಗಳಿವೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ತಲೆ ಗಿರ್ರನೆ ತಿರುಗುತ್ತೆ ಅಂತ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗುವವರಲ್ಲಿ ಕೆಲವರಿಗೆ ಈ ಹರಳು ಜಾಗ ಬಿಟ್ಟು ಜಾರಿರುತ್ತದೆ.

ಈಗ ಓಡಾಟದ ವಿಷಯ. ಕಿವಿಕಲ್ಲು ಅಂದರೆ ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್, ಜೊತೆಗೆ ಒಂಚೂರು ಪ್ರೋಟೀನು. ಮರಿ ಮೊಟ್ಟೆಯೊಳಗೆ ಇರುವಾಗಲೇ ಇದು ಶುರುವಾಗುತ್ತದೆ. ಆಮೇಲೆ ಈರುಳ್ಳಿ ತರ ಪದರದ ಮೇಲೆ ಪದರ, ಸಾಯುವವರೆಗೂ. ಮೂಳೆಯನ್ನು ದೇಹ ಕರಗಿಸಿ ಮತ್ತೆ ಕಟ್ಟುತ್ತಿರುತ್ತದೆ, ಹಸಿವಾದಾಗ ಹುರುಪೆಯಿಂದಲೂ ಕ್ಯಾಲ್ಸಿಯಂ ವಾಪಸ್ ತೆಗೆದುಕೊಳ್ಳುತ್ತದೆ. ಕಿವಿಕಲ್ಲನ್ನು ಮಾತ್ರ ಮುಟ್ಟುವುದಿಲ್ಲ. ಒಮ್ಮೆ ಕೂತ ಪದರ ಕೂತ ಹಾಗೇ. ಪದರಗಳನ್ನು ಎಣಿಸಿ ಮೀನಿನ ವಯಸ್ಸು ಹೇಳುವುದು 1899ರಿಂದಲೂ ಇದೆ. ವರ್ಷದ ಗೆರೆಗಳ ಮಧ್ಯೆ ದಿನಕ್ಕೊಂದು ಸಣ್ಣ ಗೆರೆಯೂ ಇದೆ ಅಂತ 1971ರಲ್ಲಿ ಜಾರ್ಜಿಯೊ ಪನೆಲ್ಲಾ ತೋರಿಸಿಕೊಟ್ಟರು. ಅಂದರೆ ಮರಿ ಎಷ್ಟು ದಿನದ್ದು ಅಂತಲೂ ಹೇಳಬಹುದು.

ಪದರ ಕಟ್ಟಲು ಬೇಕಾದ ಸಾಮಾನು ಹೆಚ್ಚಿನ ಪಾಲು ನೀರಿನಿಂದಲೇ ಬರುತ್ತದೆ. ಕಿವಿರಿನಿಂದ ರಕ್ತಕ್ಕೆ, ರಕ್ತದಿಂದ ಒಳಕಿವಿಯ ದ್ರವಕ್ಕೆ, ಅಲ್ಲಿಂದ ಕಲ್ಲಿಗೆ. ಕ್ಯಾಲ್ಸಿಯಂ ಜೊತೆ ನೀರಿನಲ್ಲಿರುವ ಸ್ಟ್ರಾಂಷಿಯಂ, ಬೇರಿಯಂ ಕೂಡ ಚೂರುಚೂರು ಸೇರಿಕೊಳ್ಳುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಸ್ಟ್ರಾಂಷಿಯಂ ಇರುತ್ತದೆ, ಹೊಳೆ ನೀರಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಕಮ್ಮಿ. ಬೇರಿಯಂ ಕಥೆ ಉಲ್ಟಾ, ಸಿಹಿನೀರಿನಲ್ಲಿ ಜಾಸ್ತಿ, ಸಮುದ್ರದಲ್ಲಿ ಕಮ್ಮಿ. ಹಾಗಾಗಿ ಕಲ್ಲಿನ ನಡುವಿನಿಂದ ಅಂಚಿನವರೆಗೆ ಅಳೆಯುತ್ತಾ ಹೋದರೆ ಸ್ಟ್ರಾಂಷಿಯಂ ಏರಿದ ಕಡೆ ಮೀನು ಉಪ್ಪುನೀರಿಗೆ ಇಳಿದಿದೆ, ಇಳಿದ ಕಡೆ ಹೊಳೆಗೆ ಬಂದಿದೆ ಅಂತ ಲೆಕ್ಕ. ಗೆರೆಗಳನ್ನು ಎಣಿಸಿದರೆ ಎಷ್ಟನೇ ವಯಸ್ಸಿನಲ್ಲಿ ಅಂತಲೂ ಗೊತ್ತಾಗುತ್ತದೆ.

ಆದರೆ ಒಂದು ಮಾತು, ನಿಮ್ಮ ಯಜಮಾನರಿಗೂ ಹೇಳಿ. ಕಲ್ಲು ಊರ ಹೆಸರು ಹೇಳುವುದಿಲ್ಲ. ಎಂಥ ನೀರು ಅಂತ ಹೇಳುತ್ತದೆ, ಅಷ್ಟೇ. ಆ ನೀರು ಯಾವ ಊರಿನದ್ದು ಅಂತ ಗೊತ್ತಾಗಬೇಕಾದರೆ ಊರೂರಿನ ನೀರನ್ನು ಮೊದಲೇ ಪರೀಕ್ಷೆ ಮಾಡಿ ಬರೆದಿಟ್ಟಿರಬೇಕು. ಈ ವಿಷಯದ ಮೇಲೆ ಬರುವ ಸುದ್ದಿಗಳಲ್ಲಿ ಅರ್ಧಕ್ಕರ್ಧ ಇದನ್ನೇ ಮರೆಯುತ್ತವೆ. ನಿಮ್ಮ ಜಿಲೇಬಿ ಮೀನಂತೂ ಕೆರೆಯಲ್ಲೇ ಹುಟ್ಟಿ ಅಲ್ಲೇ ಬೆಳೆದಿರುತ್ತದೆ, ಅದರ ಕಲ್ಲಿನಲ್ಲಿ ದೊಡ್ಡ ಪ್ರವಾಸಕಥನ ಏನೂ ಇರಲಾರದು. ಮಗಳಿಗೆ ಬೇಜಾರಾಗುವುದು ಬೇಡ, ವಯಸ್ಸು ನೋಡಬಹುದಲ್ಲ. ಒಂದು ಕಲ್ಲನ್ನು ನಡುವೆ ಮುರಿದು, ಮುರಿದ ಮುಖವನ್ನು ನುಣುಪು ಉಪ್ಪುಕಾಗದದಲ್ಲಿ ಉಜ್ಜಿ, ಇಕ್ಕಳದಲ್ಲಿ ಹಿಡಿದು ದೀಪದ ಉರಿಗೆ ಸ್ವಲ್ಪ ಹೊತ್ತು ತೋರಿಸಿ (ನೀವು ಹಿಡಿಯಿರಿ, ಅವಳ ಕೈಗೆ ಕೊಡಬೇಡಿ). ಕೆಲವು ಗೆರೆ ಕಂದು ಬಣ್ಣಕ್ಕೆ ತಿರುಗುತ್ತವೆ. ಒಂದು ಹನಿ ಎಣ್ಣೆ ಹಚ್ಚಿ ಭೂತಗನ್ನಡಿಯಲ್ಲಿ ನೋಡಿ. ಮೀನುಗಾರಿಕೆ ಪ್ರಯೋಗಾಲಯಗಳಲ್ಲೂ ಹೀಗೇ ಮಾಡುತ್ತಾರೆ. ನಮ್ಮಲ್ಲಿ ಮಂಜು ಬೀಳುವ ಚಳಿಗಾಲ ಇಲ್ಲದ್ದರಿಂದ ಗೆರೆ ತಣ್ಣಗಿನ ದೇಶದ ಮೀನಿನಷ್ಟು ಸ್ಪಷ್ಟವಾಗಿ ಕಾಣದೇ ಇರಬಹುದು.

ಇನ್ನೊಂದು ವಿಷಯ. ಸಾರಿನಲ್ಲಿ ಕುದಿದರೆ ಕಲ್ಲು ಕರಗುವುದಿಲ್ಲ, ಆದರೆ ಹುಣಸೆಹುಳಿ ಜಾಸ್ತಿ ಇದ್ದರೆ ಮೇಲ್ಮೈ ತಿಂದುಹೋಗಿರುತ್ತದೆ. ಸುಣ್ಣ ತಾನೇ? ಪ್ರಯೋಗಾಲಯದವರು ಇದೇ ಕಾರಣಕ್ಕೆ ಮೀನನ್ನು ಫಾರ್ಮಲಿನ್‌ನಲ್ಲಿ ಇಡಲು ಹಿಂದೆಮುಂದೆ ನೋಡುತ್ತಾರೆ, ಅದರ ಆಮ್ಲ ನಿಧಾನಕ್ಕೆ ಕಲ್ಲನ್ನು ಕರಗಿಸುತ್ತದೆ. ಒಣಗಿಸಿ ಕಾಗದದ ಪೊಟ್ಟಣದಲ್ಲಿ ಇಡುವುದೇ ಒಳ್ಳೆಯದು.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಸ್ಟ್ರಾಂಷಿಯಂ ಯಾಕೆ ಕಲ್ಲಿಗೆ ಸೇರುತ್ತದೆ, ಕಬ್ಬಿಣ, ಸೋಡಿಯಂ ಯಾಕೆ ಉಪಯೋಗಕ್ಕೆ ಬರುವುದಿಲ್ಲ? ಅಷ್ಟು ಚಿಕ್ಕ ಕಲ್ಲಿನಲ್ಲಿ ಪದರ ಪದರವಾಗಿ ಹೇಗೆ ಅಳೆಯುತ್ತಾರೆ? (ಪಾಂಡವಪುರ)

ಉತ್ತರ: ನಿಮ್ಮ ಕೆಮಿಸ್ಟ್ರಿ ಪುಸ್ತಕದ ಆವರ್ತ ಕೋಷ್ಟಕ ತೆಗೆಯಿರಿ. ಎರಡನೇ ಗುಂಪಿನಲ್ಲಿ ಕ್ಯಾಲ್ಸಿಯಂ ಕೆಳಗೆ ಸ್ಟ್ರಾಂಷಿಯಂ, ಅದರ ಕೆಳಗೆ ಬೇರಿಯಂ. ಮೂರೂ ಎರಡು ಎಲೆಕ್ಟ್ರಾನ್ ಬಿಟ್ಟುಕೊಡುವ ಜಾತಿ, ಹಾಗಾಗಿ ಹರಳಿನಲ್ಲಿ ಕ್ಯಾಲ್ಸಿಯಂ ಕೂರುವ ಜಾಗದಲ್ಲಿ ಇವೂ ಕೂರುತ್ತವೆ. ಸೋಡಿಯಂ, ಪೊಟ್ಯಾಸಿಯಂ, ಸತು ಇಂಥವನ್ನು ಮೀನು ತನ್ನ ರಕ್ತದಲ್ಲಿ ಬಿಗಿಯಾಗಿ ಹತೋಟಿಯಲ್ಲಿ ಇಟ್ಟುಕೊಂಡಿರುತ್ತದೆ. ಹೊರಗೆ ಏರಿದರೂ ಇಳಿದರೂ ಒಳಗೆ ಅಷ್ಟೇ. ಅವುಗಳನ್ನು ಅಳೆದರೆ ಮೀನಿನ ಆರೋಗ್ಯ ಗೊತ್ತಾದೀತು, ವಿಳಾಸ ಗೊತ್ತಾಗುವುದಿಲ್ಲ. ಸ್ಟ್ರಾಂಷಿಯಂ ವಿಷಯದಲ್ಲಿ ಮೀನು ಅಷ್ಟು ಕಟ್ಟುನಿಟ್ಟಲ್ಲ, ನಮಗೆ ಅದೇ ಅನುಕೂಲ.

ಅಳೆಯುವ ಕೆಲಸ ತಾಳ್ಮೆಯದ್ದು. ಕಲ್ಲನ್ನು ಅಂಟಿನಲ್ಲಿ ಕೂರಿಸಿ, ಗಾಜಿನ ಸ್ಲೈಡಿನ ಮೇಲೆ ಇಟ್ಟು, ನಡುವಿನ ತಿರುಳು ಕಾಣುವವರೆಗೆ ಉಜ್ಜಬೇಕು. ಒಂದು ಉಜ್ಜು ಜಾಸ್ತಿಯಾದರೆ ತಿರುಳೇ ಹೋಯಿತು, ಅಂದರೆ ಮೀನಿನ ಬಾಲ್ಯವೇ ಹೋಯಿತು. ಆಮೇಲೆ ಲೇಸರ್. ಹತ್ತಾರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಅಗಲದ ಲೇಸರ್ ಕಿರಣ ಕಲ್ಲಿನ ಮೇಲೆ ನಡುವಿನಿಂದ ಅಂಚಿಗೆ ಗೆರೆ ಎಳೆಯುತ್ತಾ ಹೋಗುತ್ತದೆ, ಎದ್ದ ಪುಡಿಯನ್ನು ಅನಿಲದ ಹರಿವು ಹೊತ್ತುಕೊಂಡು ಹೋಗಿ ಸಾವಿರಾರು ಡಿಗ್ರಿ ಬಿಸಿಯ ಪ್ಲಾಸ್ಮಾದೊಳಗೆ ಹಾಕುತ್ತದೆ, ಅಲ್ಲಿ ಪರಮಾಣುಗಳು ಬಿಡಿಬಿಡಿಯಾಗಿ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಕದ ಪ್ರಕಾರ ಬೇರೆಯಾಗುತ್ತವೆ. ದಿನದ ಗೆರೆ ಒಂದೆರಡು ಮೈಕ್ರಾನ್ ಇದ್ದರೆ ಲೇಸರಿನ ಒಂದು ಚುಕ್ಕೆಯೊಳಗೆ ಹಲವು ದಿನ ಒಟ್ಟಿಗೆ ಬಂದುಬಿಡುತ್ತವೆ, ಅಲ್ವಾ? ಅದಕ್ಕೇ "ಈ ಮೀನು ಸೋಮವಾರ ಇಲ್ಲಿತ್ತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಾರಗಳ ಲೆಕ್ಕ, ತಿಂಗಳ ಲೆಕ್ಕ ಸರಿ.

ಇನ್ನೂ ಸೊಗಸಾದ ದಾರಿ ಒಂದಿದೆ. ಸ್ಟ್ರಾಂಷಿಯಂ ಎಷ್ಟಿದೆ ಅಂತ ನೋಡುವ ಬದಲು ಅದರ ಎರಡು ಐಸೊಟೋಪುಗಳ (ಒಂದೇ ಧಾತುವಿನ, ತೂಕ ಮಾತ್ರ ಬೇರೆ ಇರುವ ಪರಮಾಣುಗಳ), ಅಂದರೆ 87 ಮತ್ತು 86ರ ಅನುಪಾತ ನೋಡುವುದು. ಕಲ್ಲುಬಂಡೆಯಲ್ಲಿರುವ ರುಬಿಡಿಯಂ 87 ನಿಧಾನಕ್ಕೆ ಸ್ಟ್ರಾಂಷಿಯಂ 87 ಆಗುತ್ತದೆ, ಅರ್ಧ ಆಗಲು ಸುಮಾರು 4,900 ಕೋಟಿ ವರ್ಷ ಬೇಕು. ಹಾಗಾಗಿ ರುಬಿಡಿಯಂ ಜಾಸ್ತಿ ಇರುವ ಹಳೇ ಬಂಡೆಯಲ್ಲಿ ಈ ಅನುಪಾತ ಜಾಸ್ತಿ, ಹೊಸ ಬಂಡೆಯಲ್ಲಿ ಕಮ್ಮಿ. ಆ ಬಂಡೆ ತೊಳೆದು ಬಂದ ಹೊಳೆ ನೀರಿಗೂ ಅದೇ ಗುರುತು. ಸಮುದ್ರದಲ್ಲಿ ಎಲ್ಲಾ ನೀರು ಬೆರೆತಿರುವುದರಿಂದ ಪ್ರಪಂಚದ ಯಾವ ಮೂಲೆಯಲ್ಲಿ ನೋಡಿದರೂ 0.7092. ನಮ್ಮ ಕಾವೇರಿ ಹರಿಯುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಬಂಡೆಗಳ ಮೇಲೆ, ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದ 6.6 ಕೋಟಿ ವರ್ಷದ ಕಪ್ಪು ಬಸಾಲ್ಟಿನಲ್ಲಿ. ಎರಡೂ ಹೊಳೆ ನೀರು ಬಾಯಿಗೆ ಒಂದೇ ರುಚಿ, ಸ್ಟ್ರಾಂಷಿಯಂ ಲೆಕ್ಕದಲ್ಲಿ ಬೇರೆ ಬೇರೆ. ಈ ಅನುಪಾತದ ಇನ್ನೊಂದು ಒಳ್ಳೆಯ ಗುಣ ಅಂದರೆ ನೀರು ಬಿಸಿಯಾಗಲಿ ತಣ್ಣಗಾಗಲಿ, ಮೀನು ಬೇಗ ಬೆಳೆಯಲಿ ನಿಧಾನವಾಗಿ ಬೆಳೆಯಲಿ, ಕಲ್ಲಿನಲ್ಲಿ ಅದು ಇದ್ದ ಹಾಗೇ ಕೂರುತ್ತದೆ. ಬರೀ ಸ್ಟ್ರಾಂಷಿಯಂ ಪ್ರಮಾಣಕ್ಕೆ ಆ ಭರವಸೆ ಇಲ್ಲ.

ಪ್ರಶ್ನೆ: ಮಂಡ್ಯದಲ್ಲಿ ಮೀನಿನ ವ್ಯಾಪಾರ ಮಾಡುತ್ತೇನೆ. ಬಂದವರೆಲ್ಲ "ಇದು ಹೊಳೆ ಮೀನಾ, ಕೆರೆ ಮೀನಾ" ಅಂತಲೇ ಕೇಳುವುದು. ಹೊಳೆ ಮೀನು ಅಂದರೆ ನಂಬುವುದಿಲ್ಲ, ಕೆರೆ ಮೀನು ಅಂದರೆ ರೇಟು ಇಳಿಸು ಅನ್ನುತ್ತಾರೆ. ಈ ಕಲ್ಲಿನಿಂದ ಸಾಬೀತು ಮಾಡಬಹುದಾ ಮೇಡಂ?

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ ಅಣ್ಣಾ, ಆದರೆ ಒಂದು ಕಲ್ಲಿನ ಪರೀಕ್ಷೆಯ ಖರ್ಚಿನಲ್ಲಿ ನಿಮ್ಮ ಅಂಗಡಿಯ ಆ ದಿನದ ಮೀನೆಲ್ಲಾ ಬಂದೀತು. ಅದಕ್ಕಿಂತ ದೊಡ್ಡ ತೊಂದರೆ ಮಂಡ್ಯದ ನೀರಿನದ್ದು. ನಿಮ್ಮ ಕಡೆ ಎಷ್ಟೋ ಕೆರೆಗಳು ತುಂಬುವುದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಿಂದ. ನಾಲೆಗೆ ನೀರು ಬರುವುದು ಕನ್ನಂಬಾಡಿಯಿಂದ, ಅಂದರೆ ಅದೂ ಕಾವೇರಿಯೇ. ಕೆರೆಯಲ್ಲಿ ಸಾಕಿದ ಕಾಟ್ಲಾದ ಕಲ್ಲೂ "ನಾನು ಕಾವೇರಿ ನೀರು ಕುಡಿದವನು" ಅಂತಲೇ ಹೇಳಬಹುದು! ಕೆರೆಯಲ್ಲಿ ನೀರು ನಿಂತು ಬಿಸಿಲಿಗೆ ಆವಿಯಾಗುತ್ತದೆ, ಸುತ್ತಲಿನ ಗದ್ದೆಯ ಗೊಬ್ಬರ ಸೇರುತ್ತದೆ, ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಬಿಡುವವರೂ ಇದ್ದಾರೆ. ಆ ವ್ಯತ್ಯಾಸ ಹಿಡಿಯಬಹುದು, ಆದರೆ ಅದಕ್ಕೆ ಆ ಕೆರೆಯ ನೀರಿನ ಲೆಕ್ಕ ಬೇರೆ ಬೇರೆ ತಿಂಗಳಲ್ಲಿ ಮೊದಲೇ ಇರಬೇಕು. ಯಾರು ಇಟ್ಟಿರುತ್ತಾರೆ?

ಜೊತೆಗೆ ಕಾಟ್ಲಾ, ರೋಹು ಜಾತಿಯ ಮೀನಿನ ದೊಡ್ಡ ಕಲ್ಲು ವ್ಯಾಟರೈಟ್ ಅನ್ನುವ ಬೇರೆ ಬಗೆಯ ಹರಳು. ಅದು ಸ್ಟ್ರಾಂಷಿಯಂ ಅನ್ನು ಅಷ್ಟಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅದನ್ನು ಬಿಟ್ಟು, ಸಾಸಿವೆಗಿಂತ ತುಸು ದೊಡ್ಡದಾದ ಇನ್ನೊಂದು ಜೋಡಿಯನ್ನು ಹುಡುಕಬೇಕು. ಗಿರಾಕಿಗೆ ಕಿವಿರು ಎತ್ತಿ ಕೆಂಪಗಿದೆ ಅಂತ ತೋರಿಸಿ, ಅದೇ ವಾಸಿ.

ಬಿತ್ತನೆ ಮರಿಗಳ ವಿಷಯದಲ್ಲಿ ಮಾತ್ರ ಈ ಕಲ್ಲು ನಿಜವಾಗಿ ಕೆಲಸಕ್ಕೆ ಬಂದಿದೆ. ಅಲಾಸ್ಕಾದಲ್ಲಿ ಸಾಲ್ಮನ್ ಮೊಟ್ಟೆಗಳನ್ನು ಇಟ್ಟ ನೀರನ್ನು ಲೆಕ್ಕಾಚಾರವಾಗಿ ಬಿಸಿ, ತಂಪು ಮಾಡುತ್ತಾರೆ. ಒಂದೊಂದು ಕೇಂದ್ರಕ್ಕೆ ಒಂದೊಂದು ಕ್ರಮ, ಆ ಕ್ರಮದಲ್ಲೇ ಮರಿಯ ಕಲ್ಲಿನಲ್ಲಿ ಗೆರೆ ಬೀಳುತ್ತದೆ. ವರ್ಷಗಳ ನಂತರ ಸಮುದ್ರದಲ್ಲಿ ಸಿಕ್ಕ ಮೀನಿನ ಕಲ್ಲು ಉಜ್ಜಿ ನೋಡಿದರೆ ಯಾವ ಕೇಂದ್ರ ಬಿಟ್ಟ ಮರಿ ಅಂತ ಗೊತ್ತಾಗುತ್ತದೆ. ನಮ್ಮ ಜಲಾಶಯಗಳಿಗೆ ವರ್ಷವರ್ಷ ಮರಿ ಬಿಡುತ್ತಾರಲ್ಲ, ಅದರಲ್ಲಿ ಬದುಕಿ ಬಲೆಗೆ ಬಿದ್ದವು ಎಷ್ಟು ಅಂತ ತಿಳಿಯಲು ಇಂಥದ್ದೇನಾದರೂ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಮರಿ ಬಿಟ್ಟ ಫೋಟೋ ಪೇಪರಿನಲ್ಲಿ ಬಂದರೆ ಸಾಲದು.

ಪ್ರಶ್ನೆ: ಹಾವು ಮೀನು ಸಮುದ್ರದಲ್ಲಿ ಹುಟ್ಟಿ ಇಲ್ಲಿಗೆ ಬರುತ್ತದೆ ಅಂತ ನಮ್ಮ ತಾತ ಹೇಳುತ್ತಿದ್ದರು. ಸಮುದ್ರದಿಂದ ಇಷ್ಟು ದೂರ ಬರುವುದುಂಟಾ? ಅಣೆಕಟ್ಟು ಹೇಗೆ ದಾಟುತ್ತದೆ? (ಮಳವಳ್ಳಿ)

ಉತ್ತರ: ತಾತ ಹೇಳಿದ್ದು ಸರಿ. ಹಾವು ಮೀನು ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿ ಗಾಜಿನಂತೆ ಪಾರದರ್ಶಕ, ಹೊಳೆ ಬಾಯಿಗೆ ಬಂದು ಮೇಲಕ್ಕೆ ಏರುತ್ತದೆ, ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು ಮತ್ತೆ ಮೊಟ್ಟೆ ಇಡಲು ಸಮುದ್ರಕ್ಕೆ ಇಳಿಯುತ್ತದೆ. ಅದರ ಕಿವಿಕಲ್ಲನ್ನು ಅಳೆದರೆ ನಡುವಿನಲ್ಲಿ ಸ್ಟ್ರಾಂಷಿಯಂ ಎತ್ತರ, ಹೊಳೆಗೆ ಬಂದ ಜಾಗದಲ್ಲಿ ಧಡಕ್ಕನೆ ಇಳಿತ, ಆಮೇಲೆ ಅಂಚಿನವರೆಗೂ ತಗ್ಗು. ಎಲ್ಲಾ ಹಾವು ಮೀನೂ ಹೀಗೇ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. 1998ರಲ್ಲಿ ಜಪಾನಿನ ಕತ್ಸುಮಿ ತ್ಸುಕಾಮೊಟೊ ಮತ್ತು ಅವರ ಜೊತೆಯವರು ಸಮುದ್ರದಲ್ಲಿ ಸಿಕ್ಕ ಜಪಾನೀ ಮತ್ತು ಯುರೋಪಿನ ಹಾವು ಮೀನುಗಳ ಕಲ್ಲು ಅಳೆದರು. ಕೆಲವುದರಲ್ಲಿ ಆ ಇಳಿತವೇ ಇರಲಿಲ್ಲ. ಅಂದರೆ ಅವು ಹುಟ್ಟಿದ ಮೇಲೆ ಹೊಳೆಯ ಮುಖವನ್ನೇ ನೋಡಿರಲಿಲ್ಲ. ಸಿಹಿನೀರಿನ ಮೀನು ಅಂತ ಪುಸ್ತಕದಲ್ಲಿ ಬರೆದದ್ದನ್ನು ಸ್ವಲ್ಪ ತಿದ್ದಬೇಕಾಯಿತು. ನನಗೆ ಈ ವಿದ್ಯೆಯಲ್ಲಿ ಇಷ್ಟವಾಗುವುದು ಇದೇ. ಬಲೆ ಹಾಕಿ ಎಷ್ಟು ವರ್ಷ ಕಾದಿದ್ದರೂ ಇದು ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಬಲೆ ಹೇಳುವುದು ಮೀನು ಸಿಕ್ಕ ಜಾಗ ಮಾತ್ರ, ಅದಕ್ಕೆ ಮುಂಚಿನದ್ದು ಅಲ್ಲ.

ಅಣೆಕಟ್ಟಿನ ವಿಷಯ. ಹಾವು ಮೀನಿನ ಮರಿ ಒದ್ದೆ ಬಂಡೆ, ಒದ್ದೆ ಗೋಡೆ ಹತ್ತಬಲ್ಲದು, ಆದರೆ ಎತ್ತರದ ಅಣೆಕಟ್ಟು ಅಂದರೆ ಬಹುಪಾಲಿಗೆ ಅಲ್ಲೇ ಮುಗಿಯಿತು. ಬೇರೆ ಹೆಚ್ಚಿನ ಮೀನಿಗೆ ಆ ಹತ್ತುವ ವಿದ್ಯೆಯೂ ಇಲ್ಲ. ಬಂಗಾಳದವರು ಪ್ರಾಣ ಬಿಡುವ ಹಿಲ್ಸಾ ಒಂದು ಕಾಲಕ್ಕೆ ಕಾವೇರಿಯಲ್ಲೂ ಸಮುದ್ರದಿಂದ ಮೇಲಕ್ಕೆ ಬರುತ್ತಿತ್ತು. ತಮಿಳುನಾಡಿನ ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿದ ಮೇಲೆ ಆ ಮೀನುಗಾರಿಕೆ ಬಿದ್ದುಹೋಯಿತು.

ಅಮೆಜಾನ್ ನದಿಯ ಒಂದು ಉದಾಹರಣೆ ಕೇಳಿ. ಅಲ್ಲಿ ಡೊರಾಡೊ ಅನ್ನುವ ದೊಡ್ಡ ಮೀಸೆ ಮೀನು ಇದೆ. ಆಂಡಿಸ್ ಬೆಟ್ಟದ ಬುಡದಲ್ಲಿ ಹುಟ್ಟಿ, ಅಮೆಜಾನ್ ಸಮುದ್ರ ಸೇರುವ ಜಾಗದವರೆಗೆ ತೇಲಿಕೊಂಡು ಹೋಗಿ, ಬೆಳೆದು, ಮೊಟ್ಟೆ ಇಡಲು ವಾಪಸ್ ಬೆಟ್ಟಕ್ಕೆ. ಹೋಗಿ ಬರುವ ದಾರಿ 11,000 ಕಿಲೋಮೀಟರಿಗೂ ಜಾಸ್ತಿ. ಪೂರ್ತಿ ಸಿಹಿನೀರಿನಲ್ಲೇ ಇಷ್ಟು ದೂರ ಹೋಗುವ ಮೀನು ಇನ್ನೊಂದಿಲ್ಲ. ಉಪ್ಪುನೀರು, ಸಿಹಿನೀರು ಅನ್ನುವ ವ್ಯತ್ಯಾಸ ಇಲ್ಲದಿರುವಾಗ ಮಾಮೂಲಿ ಸ್ಟ್ರಾಂಷಿಯಂ ಪ್ರಮಾಣ ನೋಡಿ ಏನೂ ತಿಳಿಯುವುದಿಲ್ಲ. ಆ 87, 86ರ ಅನುಪಾತ ಬೇಕೇ ಬೇಕು. ಆಂಡಿಸ್‌ನಿಂದ ಬರುವ ಒಂದೊಂದು ಉಪನದಿಗೂ ಬಂಡೆ ಬೇರೆ, ಅನುಪಾತ ಬೇರೆ. 2016ರಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಡ್ಯುಪೊನ್ಶೆಲ್ ಮತ್ತು ಜೊತೆಯವರು ಈ ಮೀನಿನ ಕಲ್ಲುಗಳನ್ನು ಅಳೆದು, ಮಡೈರಾ ಉಪನದಿಯಲ್ಲಿ ಹುಟ್ಟಿದ ಹೆಚ್ಚಿನ ಮೀನು ದೊಡ್ಡದಾದ ಮೇಲೆ ಅದೇ ಉಪನದಿಗೆ ವಾಪಸ್ ಬರುತ್ತವೆ ಅಂತ ತೋರಿಸಿದರು. ಆದರೆ ಆ ಹೊತ್ತಿಗಾಗಲೇ ಮಡೈರಾಕ್ಕೆ ಅಡ್ಡಲಾಗಿ ಸ್ಯಾಂಟೊ ಆಂಟೋನಿಯೊ, ಜಿರಾವು ಅನ್ನುವ ಎರಡು ವಿದ್ಯುತ್ ಅಣೆಕಟ್ಟು ಎದ್ದು ನಿಂತಿದ್ದವು. ಕಟ್ಟುವ ಮುಂಚೆ ಕಲ್ಲು ಅಳೆದಿದ್ದರೆ ಏನಾಗುತ್ತಿತ್ತೋ, ಬಿಡಿ.

ಪ್ರಶ್ನೆ: ಮೀನಿನ ತಲೆಯ ಕಲ್ಲು ಪುಡಿ ಮಾಡಿ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ಮಾಡಬಹುದೇ? (ಮೈಸೂರು)

ಉತ್ತರ: ಬೇಡ. ಅದು ಸುಣ್ಣದ ಪುಡಿ. ಟರ್ಕಿ, ಬ್ರೆಜಿಲ್ ಕಡೆಯೂ ಈ ನಂಬಿಕೆ ಇದೆ, ಕಲ್ಲಿಗೆ ಕಲ್ಲೇ ಮದ್ದು ಅನ್ನುವ ಲೆಕ್ಕ ಇರಬೇಕು. ನೀರು ಜಾಸ್ತಿ ಕುಡಿಯಿರಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಕಿವಿಕಲ್ಲು ತೆಗೆಯಬೇಕಾದರೆ ಮೀನನ್ನು ಕೊಲ್ಲಲೇಬೇಕಲ್ಲ? ಮುತ್ತತ್ತಿ, ಭೀಮೇಶ್ವರಿ ಕಡೆ ಇರುವ ಬಿಳಿ ಮೀನಿನ ಮೇಲೆ ಇದನ್ನು ಮಾಡಿದರೆ ಇರುವ ನಾಲ್ಕು ಮೀನೂ ಹೋಗುವುದಿಲ್ಲವೇ? (ಪರಿಸರಪ್ರೇಮಿ, ಮೈಸೂರು)

ಉತ್ತರ: ಹೌದು, ಈ ವಿದ್ಯೆಯ ದೊಡ್ಡ ಕೊರತೆ ಇದೇ. ಬಿಳಿ ಮೀನು, ಅಂದರೆ ಕಾವೇರಿಯ ಗೂನುಬೆನ್ನಿನ ಮಹಶೀರ್, ಕಾವೇರಿ ಮತ್ತು ಅದರ ಉಪನದಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದರ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮದೇವಿ ಅಂತ ಖಚಿತವಾಗಿದ್ದೇ 2018ರಲ್ಲಿ. ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಕೆಂಪು ಪಟ್ಟಿಯಲ್ಲಿ ತೀರಾ ಅಪಾಯದ ದರ್ಜೆಯಲ್ಲಿದೆ. ಅದರ ಕಿವಿಕಲ್ಲಿಗೆ ಕೈ ಹಾಕುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ತಾನಾಗೇ ಸತ್ತು ದಡಕ್ಕೆ ಬಿದ್ದ ಮೀನು ಸಿಕ್ಕರೆ ಆ ಮಾತು ಬೇರೆ, ಅದನ್ನೂ ಅರಣ್ಯ ಇಲಾಖೆಗೆ ತಿಳಿಸಬೇಕು.

ಕೊಲ್ಲದೆ ಮಾಡುವ ದಾರಿಗಳಿವೆ. ರೆಕ್ಕೆಯ ಒಂದು ಕಡ್ಡಿಯ ತುಂಡು ಕತ್ತರಿಸಿ, ಇಲ್ಲವೇ ಎರಡು ಹುರುಪೆ ಕಿತ್ತು ಮೀನನ್ನು ವಾಪಸ್ ನೀರಿಗೆ ಬಿಡಬಹುದು. ಅವುಗಳಲ್ಲೂ ಪದರಗಳಿವೆ, ಸ್ಟ್ರಾಂಷಿಯಂ ಇದೆ. ಮೊದಲೇ ಹೇಳಿದ ಹಾಗೆ ಹುರುಪೆಯಿಂದ ದೇಹ ಒಮ್ಮೊಮ್ಮೆ ಕ್ಯಾಲ್ಸಿಯಂ ವಾಪಸ್ ಎಳೆದುಕೊಳ್ಳುತ್ತದೆ, ಹಾಗಾಗಿ ಕಿವಿಕಲ್ಲಿನಷ್ಟು ನಂಬಿಕಸ್ತ ಅಲ್ಲ. ಕಿತ್ತ ಹುರುಪೆಯ ಜಾಗದಲ್ಲಿ ಹೊಸದು ಬಂದಿದ್ದರೆ ಅದರಲ್ಲಿ ಬಾಲ್ಯದ ಲೆಕ್ಕವೇ ಇರುವುದಿಲ್ಲ. ಇನ್ನೊಂದು ದಾರಿ ಮೀನಿನ ಮೈಯೊಳಗೆ ಚಿಕ್ಕ ರೇಡಿಯೋ ಟ್ಯಾಗ್ ಇಟ್ಟು ಬಿಡುವುದು. ಅದು ಇನ್ನು ಮುಂದೆ ಎಲ್ಲಿ ಹೋಗುತ್ತದೆ ಅಂತ ಹೇಳುತ್ತದೆ, ಹಿಂದಿನದ್ದು ಹೇಳುವುದಿಲ್ಲ.

ಹಿಂದಿನದ್ದು ಬೇಕು ಅಂದರೆ ಹಳೇ ಮೀನು ಬೇಕು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ 120 ಪೌಂಡ್ ತೂಕದ ಮಹಶೀರ್ ಹಿಡಿದರು, ಅಂದರೆ ಹತ್ತಿರ ಹತ್ತಿರ 54 ಕಿಲೋ. ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವಂತ ಪ್ರಾಣಿಯಂತೆ ನಿಲ್ಲಿಸುತ್ತಿದ್ದ ಆ ಪ್ರಖ್ಯಾತ ಮನೆಯವರೇ. ಆಗ ಇನ್ನೂ ಕಬಿನಿಗೆ ಈಗಿನ ಜಲಾಶಯ ಇರಲಿಲ್ಲ. ಅಷ್ಟು ದೊಡ್ಡ ಮೀನು ಎಷ್ಟು ವರ್ಷ ಬದುಕಿತ್ತು, ಕಬಿನಿಯಲ್ಲೇ ಇತ್ತಾ, ತಿರುಮಕೂಡಲು ದಾಟಿ ಕಾವೇರಿಗೂ ಹೋಗಿ ಬರುತ್ತಿತ್ತಾ ಅನ್ನುವುದೆಲ್ಲಾ ಅದರ ತಲೆಯಲ್ಲಿದ್ದ ಒಂದು ಜೋಡಿ ಸಣ್ಣ ಕಲ್ಲಿನಲ್ಲಿ ಇತ್ತು. ಆಗ ಅದನ್ನು ಓದುವ ಯಂತ್ರ ಇರಲಿಲ್ಲ, ಈಗ ಯಂತ್ರ ಇದೆ, ಅಂಥ ಮೀನಿಲ್ಲ. ನಿಮ್ಮ ಯಾರದಾದರೂ ಮನೆಯ ಅಟ್ಟದಲ್ಲಿ ತಾತನ ಕಾಲದ ಬಿಳಿ ಮೀನಿನ ತಲೆಬುರುಡೆ ಇದ್ದರೆ ತೊಳೆಯಬೇಡಿ, ಬಿಸಾಡಬೇಡಿ, ಮೊದಲು ನಮಗೊಂದು ಕಾರ್ಡು ಬರೆಯಿರಿ.